ಕಿಣ್ವ ಇದೆ, ಇರಬೇಕಾದ ಕಡೆ ಇಲ್ಲ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಆಲೆಮನೆ ಮುಗಿಯುವ ಹೊತ್ತಿಗೆ ಜೋನಿ ಬೆಲ್ಲದ ಡಬ್ಬಿಗಳು ಅಟ್ಟ ಸೇರುತ್ತವೆ. ಪಾಕ ಸರಿಯಾಗಿ ಬಂದಿದ್ದರೆ ವರ್ಷವಾದರೂ ಕೆಡುವುದಿಲ್ಲ. ಎಳೆ ಪಾಕದಲ್ಲೇ ಇಳಿಸಿದ್ದರೆ, ಅಥವಾ ಯಾರೋ ಒದ್ದೆ ಸೌಟು ಹಾಕಿದ್ದರೆ, ಆಷಾಢದ ಮಳೆಯಲ್ಲಿ ಬೆಲ್ಲದ ಮೇಲೆ ನೊರೆ ಕಟ್ಟುತ್ತದೆ, ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಘಟ್ಟ ಇಳಿದರೆ ಕಳ್ಳು ಹುದುಗುವುದೂ, ಕಳ್ಳು ಹಾಕಿದ ಸಾನ್ನಾ ಹಿಟ್ಟು ಉಬ್ಬುವುದೂ ಇದೇ ಬಳಗದ ಕೆಲಸ. ಯೀಸ್ಟ್ ಎಂದರೆ ನಮಗೆ ಇಷ್ಟೇ: ಉಬ್ಬಿಸುವುದು, ಇಲ್ಲವೇ ಕೆಡಿಸುವುದು.

ಅದು ಸಕ್ಕರೆ ತಿನ್ನುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಲ್ಲದಲ್ಲಿ ಹೆಚ್ಚಿನ ಪಾಲು ಸುಕ್ರೋಸ್. ಕಳ್ಳಿನಲ್ಲೂ ಬೇಕರಿಯಲ್ಲೂ ಸಿಗುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್ ಈ ಸುಕ್ರೋಸನ್ನು ಮುಖ್ಯವಾಗಿ ಹೊರಗೇ ಒಡೆಯುತ್ತದೆ. ಇನ್ವರ್ಟೇಸ್ ಎಂಬ ಕಿಣ್ವವನ್ನು ಪೊರೆ ದಾಟಿಸಿ, ಪೊರೆಗೂ ಹೊರಗೋಡೆಗೂ ನಡುವಿನ ಸಂದಿಯಲ್ಲಿ ಇಟ್ಟುಕೊಂಡಿರುತ್ತದೆ. ಸುಕ್ರೋಸ್ ಅಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದ ಮೇಲೆ ಒಳಗೆ ಎಳೆದುಕೊಳ್ಳುತ್ತದೆ. ಇದೇ ಕೋಶ ಕಾರ್ಬಾಕ್ಸಿಪೆಪ್ಟಿಡೇಸ್ ವೈ ಎಂಬ ಇನ್ನೊಂದು ಕಿಣ್ವವನ್ನೂ ತಯಾರಿಸುತ್ತದೆ. ಪ್ರೋಟೀನ್ ತುಂಡರಿಸುವ ಈ ಕಿಣ್ವ ಅಪ್ಪಿತಪ್ಪಿಯೂ ಹೊರಗೆ ಹೋಗಬಾರದು, ವ್ಯಾಕ್ಯೂಲ್ ಎಂಬ ಒಳಚೀಲಕ್ಕೇ ಸೇರಬೇಕು. ಎರಡೂ ತಯಾರಾಗುವುದು ಒಂದೇ ಜಾಗದಲ್ಲಿ. ಕೋಶದ ವಿಂಗಡಣೆ ಕಟ್ಟೆಯಾದ ಗಾಲ್ಗಿ ಸಂಕೀರ್ಣದವರೆಗೆ ಎರಡರದೂ ಒಂದೇ ದಾರಿ. ಅಲ್ಲಿಂದ ಮುಂದೆ ಒಂದು ಹೊರಗೆ, ಒಂದು ಒಳಗೆ.

ಈ ಕವಲಿನಲ್ಲಿ ಆಗುವ ಎಡವಟ್ಟಿಗೂ, ನಮ್ಮ ದೇಶದಲ್ಲಿ ಅಪರೂಪದ ಕಾಯಿಲೆಗಳ ಚಿಕಿತ್ಸೆಯ ಹಣದ ಬಗ್ಗೆ ನಡೆಯುತ್ತಿರುವ ಜಗ್ಗಾಟಕ್ಕೂ ನೇರ ನಂಟಿದೆ. ಮಗುವಿನ ದೇಹದಲ್ಲಿ ಒಂದು ಕಿಣ್ವ ಕೆಲಸ ಮಾಡುತ್ತಿಲ್ಲ ಎಂದರೆ ಅದು ತಯಾರಾಗುತ್ತಿಲ್ಲ ಎಂದೇ ನಾವು ತಿಳಿಯುತ್ತೇವೆ. ತಯಾರಾಗಿಯೂ ತಲುಪದೆ ಇರುವುದು ಬೇರೆಯೇ ಕಾಯಿಲೆ. ಅದರ ಪರೀಕ್ಷೆ ಬೇರೆ, ಮದ್ದಿನ ಲೆಕ್ಕಾಚಾರವೂ ಬೇರೆ.

ಮೊದಲು ವ್ಯಾಕ್ಯೂಲ್. ಶಾಲೆಯ ಪುಸ್ತಕದಲ್ಲಿ ಇದು ರಸದಾನಿ, ಸಸ್ಯಕೋಶದ ಚಿತ್ರದ ನಡುವೆ ಖಾಲಿ ಬಿಟ್ಟ ದೊಡ್ಡ ಜಾಗ. ಆ ಖಾಲಿ ಜಾಗದಿಂದಾಗಿ ಅದು ಏನೂ ಕೆಲಸವಿಲ್ಲದ ನೀರಿನ ಚೀಲ ಎಂಬ ಭಾವನೆ ಹಲವರಲ್ಲಿ ಉಳಿದುಬಿಟ್ಟಿದೆ. ಯೀಸ್ಟ್ ಕೋಶದ ಅಡ್ಡಳತೆ ಸುಮಾರು 5 ಮೈಕ್ರಾನ್. ಅದರಲ್ಲಿ ಕೆಲವೊಮ್ಮೆ ಕಾಲು ಭಾಗದಷ್ಟು ಜಾಗ ವ್ಯಾಕ್ಯೂಲಿನದೇ. ಒಳಗೆ ಆಮ್ಲೀಯ ವಾತಾವರಣ. ಹಳೆಯ ಪ್ರೋಟೀನುಗಳನ್ನು ಕತ್ತರಿಸಿ ಮರುಬಳಕೆಗೆ ಕೊಡುವುದು, ಕ್ಯಾಲ್ಸಿಯಂ, ಫಾಸ್ಫೇಟ್, ಅಮೈನೋ ಆಮ್ಲಗಳನ್ನು ಕೂಡಿಡುವುದು, ಹೊರಗಿನ ಸಕ್ಕರೆ ಉಪ್ಪಿನ ಒತ್ತಡ ಏರಿದಾಗ ನೀರು ಬಿಟ್ಟುಕೊಟ್ಟು ಕೋಶವನ್ನು ಉಳಿಸುವುದು, ಎಲ್ಲವೂ ಇದರ ಪಾಲಿಗೆ. ನಮ್ಮ ಕೋಶಗಳಲ್ಲಿ ಇದಕ್ಕೆ ಸಮನಾದದ್ದು ಲೈಸೋಸೋಮ್, 1955ರಲ್ಲಿ ಕ್ರಿಶ್ಚಿಯನ್ ಡಿ ಡುವ್ ಗುರುತಿಸಿದ್ದು.

ವ್ಯಾಕ್ಯೂಲಿಗೆ ಪ್ರೋಟೀನ್ ತಲುಪುವ ದಾರಿಯನ್ನು ಕಂಡುಹಿಡಿದ ಪ್ರಯೋಗ ನನ್ನ ಮಟ್ಟಿಗೆ ಇಡೀ ಕೋಶವಿಜ್ಞಾನದಲ್ಲೇ ಅತ್ಯಂತ ಚೊಕ್ಕ ಪ್ರಯೋಗಗಳಲ್ಲೊಂದು. 1980ರ ದಶಕದ ನಡುವೆ ಸ್ಕಾಟ್ ಎಮ್ರ್ ಅವರ ತಂಡ ಕಾರ್ಬಾಕ್ಸಿಪೆಪ್ಟಿಡೇಸ್ ವೈಯ ತಲೆಯ ಭಾಗಕ್ಕೆ ಇನ್ವರ್ಟೇಸನ್ನು ಬೆಸೆಯಿತು. ತನ್ನದೇ ಇನ್ವರ್ಟೇಸ್ ಇಲ್ಲದಂತೆ ಮಾಡಿದ ಯೀಸ್ಟಿನೊಳಗೆ ಈ ಬೆಸುಗೆಯ ಕಿಣ್ವವನ್ನು ಇಟ್ಟಿತು. ಕೋಶ ಆರೋಗ್ಯವಾಗಿದ್ದರೆ ಬೆಸುಗೆಯ ಕಿಣ್ವ ಪೂರ್ತಿ ವ್ಯಾಕ್ಯೂಲಿಗೆ ಹೋಗುತ್ತದೆ, ಹೊರಗಿನ ಸುಕ್ರೋಸನ್ನು ಒಡೆಯಲು ಏನೂ ಇರುವುದಿಲ್ಲ, ಆ ಕೋಶ ಸುಕ್ರೋಸಿನ ಮೇಲೆ ಬೆಳೆಯುವುದಿಲ್ಲ. ವಿಂಗಡಣೆ ಕೆಟ್ಟ ಕೋಶದಲ್ಲಿ ಮಾತ್ರ ಕಿಣ್ವ ಹೊರಗೆ ಸೋರುತ್ತದೆ, ಸುಕ್ರೋಸ್ ಒಡೆಯುತ್ತದೆ, ಕೋಶ ಬೆಳೆಯುತ್ತದೆ. ಕೆಟ್ಟ ಕೋಶ ಯಾವುದು ಎಂದು ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತ ಕೂರಬೇಕಿಲ್ಲ, ಬದುಕಿ ಉಳಿದದ್ದೇ ಉತ್ತರ. ಅದೇ ಹೊತ್ತಿಗೆ ಟಾಮ್ ಸ್ಟೀವನ್ಸ್ ಅವರ ತಂಡ ಇನ್ನೊಂದು ಬಗೆಯಲ್ಲಿ ಇಂಥವೇ ಯೀಸ್ಟ್‌ಗಳನ್ನು ಹಿಡಿಯಿತು. 1986ರಲ್ಲಿ ಎರಡೂ ತಂಡಗಳ ಫಲಿತಾಂಶ ಪ್ರಕಟವಾಯಿತು. ವ್ಯಾಕ್ಯೂಲಿನ ಕಿಣ್ವಗಳು ಕೆಲಸ ಮಾಡದ ಯೀಸ್ಟ್‌ಗಳನ್ನು ಎಲಿಜಬೆತ್ ಜೋನ್ಸ್ 1977ರಲ್ಲೇ ಕೂಡಿಹಾಕಿದ್ದರು. ಇವೆಲ್ಲ ಸೇರಿ ವಿಪಿಎಸ್ (ವ್ಯಾಕ್ಯೂಲಿನ ಪ್ರೋಟೀನ್ ವಿಂಗಡಣೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು) ಎಂಬ ಹೆಸರಿನ ವಂಶವಾಹಿಗಳ ಪಟ್ಟಿಯಾಯಿತು, ಪಟ್ಟಿ 40 ದಾಟಿ ಬೆಳೆಯಿತು. ಒಂದು ಕವಲಿನ ಕಾವಲಿಗೆ ಇಷ್ಟೊಂದು ಆಳು ಬೇಕೆಂದು ಯಾರೂ ಎಣಿಸಿರಲಿಲ್ಲ.

ಕಾರ್ಬಾಕ್ಸಿಪೆಪ್ಟಿಡೇಸ್ ವೈಯ ಪಯಣವನ್ನು ತೂಕದಿಂದಲೇ ಹಿಂಬಾಲಿಸಬಹುದು. ತಯಾರಾಗುವ ಜಾಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮಿನಲ್ಲಿದ್ದಾಗ ಸುಮಾರು 67 ಕಿಲೋಡಾಲ್ಟನ್ (ಅಣುತೂಕದ ಅಳತೆ), ಗಾಲ್ಗಿಯಲ್ಲಿ ಇನ್ನಷ್ಟು ಸಕ್ಕರೆ ಅಂಟಿ 69, ವ್ಯಾಕ್ಯೂಲಿಗೆ ಬಂದು ಮುಂಭಾಗ ಕತ್ತರಿಸಿಹೋದ ಮೇಲೆ 61. ವಿಕಿರಣಶೀಲ ಗಂಧಕ ಸೇರಿಸಿ ಕೆಲವು ನಿಮಿಷಕ್ಕೊಮ್ಮೆ ಮಾದರಿ ತೆಗೆದು ತೂಕದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ ಮೂರು ಪಟ್ಟೆಗಳು ಒಂದಾದ ಮೇಲೊಂದು ಬಂದುಹೋಗುವುದು ಕಣ್ಣಿಗೇ ಕಾಣುತ್ತದೆ. ವಿಪಿಎಸ್ ಕೆಟ್ಟ ಕೋಶದಲ್ಲಿ 69ರ ಪಟ್ಟೆ ಹಾಗೇ ನಿಲ್ಲುತ್ತದೆ, ಅದೂ ಕೋಶ ತೇಲುತ್ತಿರುವ ದ್ರವದಲ್ಲಿ. ಕತ್ತರಿಸಿಹೋಗುವ ಆ ಮುಂಭಾಗದಲ್ಲೇ ಗುರುತು ಅಡಗಿದೆ: ಗ್ಲುಟಮಿನ್, ಆರ್ಜಿನಿನ್, ಪ್ರೋಲಿನ್, ಲ್ಯೂಸಿನ್, ಸಾಲಾಗಿ ನಾಲ್ಕೇ ಅಮೈನೋ ಆಮ್ಲ. ಇದನ್ನು ಹಿಡಿಯುವ ಗ್ರಾಹಿ ವಿಪಿಎಸ್10 ಎಂದು 1994ರಲ್ಲಿ ಖಚಿತವಾಯಿತು.

ವಿಪಿಎಸ್10 ತನ್ನ ಸರಕನ್ನು ಎಂಡೋಸೋಮ್ ಎಂಬ ನಡುದಾರಿಯ ಚೀಲದಲ್ಲಿ ಇಳಿಸಿ, ಮುಂದಿನ ಸರದಿಗೆ ಗಾಲ್ಗಿಗೆ ಮರಳಬೇಕು. ಮರಳಿಸುವ ಐದು ಪ್ರೋಟೀನುಗಳ ಕೂಟವನ್ನು 1998ರಲ್ಲಿ ವಿವರಿಸಿದರು, ರೆಟ್ರೋಮರ್ ಎಂದು ಹೆಸರಿಟ್ಟರು. ಅದು ಕೈಕೊಟ್ಟರೆ ಗ್ರಾಹಿ ದಾರಿ ತಪ್ಪಿ ವ್ಯಾಕ್ಯೂಲಿಗೇ ಹೋಗಿ ನಾಶವಾಗುತ್ತದೆ, ಅದರ ಹಿಂದೆ ಬರುವ ಕಿಣ್ವವೆಲ್ಲ ಕೋಶದ ಹೊರಗೆ ಸೋರುತ್ತದೆ. ರೆಟ್ರೋಮರಿನ ನಡುಗಂಬ ವಿಪಿಎಸ್35. ಮನುಷ್ಯರ ವಿಪಿಎಸ್35ರಲ್ಲಿ 620ನೇ ಸ್ಥಾನದ ಒಂದು ಅಮೈನೋ ಆಮ್ಲ ಬದಲಾದರೆ ಪಾರ್ಕಿನ್ಸನ್ ಕಾಯಿಲೆ ಕುಟುಂಬದಲ್ಲಿ ಹರಿದುಬರುತ್ತದೆ ಎಂದು 2011ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಸಕ್ಕರೆ ಪ್ಲೇಟಿನ ಮೇಲೆ ಬೆಳೆದ ಯೀಸ್ಟಿನಿಂದ ಕೈನಡುಕದ ಕಾಯಿಲೆಯವರೆಗೆ ಹೆಸರು ಕೂಡ ಬದಲಾಗದೆ ಬಂದಿದೆ ನೋಡಿ.

ಜೋನಿ ಬೆಲ್ಲಕ್ಕೆ ನಂಟಿರುವ ಇನ್ನೊಂದು ಕೊಂಡಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಖ್ಯ ವಾದಕ್ಕೆ ಅದು ಬೇಕಿಲ್ಲದಿದ್ದರೂ. ಯೀಸ್ಟನ್ನು ತಟ್ಟನೆ ಗಟ್ಟಿ ದ್ರಾವಣಕ್ಕೆ ಹಾಕಿದರೆ ಅದರ ದೊಡ್ಡ ವ್ಯಾಕ್ಯೂಲ್ ಕೆಲವೇ ನಿಮಿಷಗಳಲ್ಲಿ ಹಲವು ಸಣ್ಣ ಚೀಲಗಳಾಗಿ ಒಡೆಯುತ್ತದೆ. ಪೊರೆಯಲ್ಲಿ ಒಂದು ವಿಶೇಷ ಲಿಪಿಡ್ ಆಗ ಹತ್ತಿಪ್ಪತ್ತು ಪಟ್ಟು ಏರಿ ಮತ್ತೆ ಇಳಿಯುತ್ತದೆ. ಈ ಏರಿಳಿತ ನಡೆಸುವ ಪ್ರೋಟೀನುಗಳಲ್ಲೊಂದು ಫಿಗ್4. ಅದೇ ಹೆಸರಿನ ಮನುಷ್ಯರ ವಂಶವಾಹಿ ಕೆಟ್ಟರೆ ಕೈಕಾಲಿನ ನರಗಳು ಸೋಲುವ ಶಾರ್ಕೋ-ಮಾರಿ-ಟೂತ್ ಕಾಯಿಲೆಯ ಒಂದು ಬಗೆ ಬರುತ್ತದೆ ಎಂದು 2007ರಲ್ಲಿ ತಿಳಿಯಿತು.

ವ್ಯಾಕ್ಯೂಲಿಗೆ ದಾರಿ ಒಂದೇ ಅಲ್ಲ ಎಂಬುದು ಈ ಕಥೆಯಲ್ಲಿ ಮುಂದೆ ಬೇಕಾಗುವ ಅಂಶ. ಆಲ್ಕಲೈನ್ ಫಾಸ್ಫಟೇಸ್ ಎಂಬ ಪ್ರೋಟೀನ್ ಎಂಡೋಸೋಮನ್ನು ಮುಟ್ಟುವುದೇ ಇಲ್ಲ, ಗಾಲ್ಗಿಯಿಂದ ನೇರ ವ್ಯಾಕ್ಯೂಲಿಗೆ ಹೋಗುತ್ತದೆ. ವಿಪಿಎಸ್10 ಇಲ್ಲದ ಕೋಶದಲ್ಲಿ ಕಾರ್ಬಾಕ್ಸಿಪೆಪ್ಟಿಡೇಸ್ ವೈ ಹೊರಗೆ ಸೋರುತ್ತಿದ್ದರೂ ಆಲ್ಕಲೈನ್ ಫಾಸ್ಫಟೇಸ್ ತನ್ನ ಪಾಡಿಗೆ ತಲುಪಿರುತ್ತದೆ. ಮೂರನೆಯ ದಾರಿ ಆಟೋಫೇಜಿ, ಕೋಶದ ಒಳಗಿನದನ್ನೇ ಪೊರೆಯಲ್ಲಿ ಸುತ್ತಿ ವ್ಯಾಕ್ಯೂಲಿಗೆ ಸೇರಿಸುವುದು. ಉಪವಾಸ ಕೆಡವಿದ ಯೀಸ್ಟಿನ ವ್ಯಾಕ್ಯೂಲಿನಲ್ಲಿ ಅದನ್ನು ಕಂಡ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಅದರ ಬಗ್ಗೆ ಸಾಕಷ್ಟು ಬರೆದಾಗಿದೆ.

ಇನ್ನು ಮನುಷ್ಯರ ವಿಷಯ. ಯೀಸ್ಟೇ ಎಲ್ಲವನ್ನೂ ಮೊದಲು ಹೇಳಿತು ಎಂದರೆ ಉತ್ಪ್ರೇಕ್ಷೆ. 1972ರಲ್ಲೇ ಹಿಕ್‌ಮನ್ ಮತ್ತು ಎಲಿಜಬೆತ್ ನ್ಯೂಫೆಲ್ಡ್ ಒಂದು ವಿಚಿತ್ರವನ್ನು ವರದಿ ಮಾಡಿದ್ದರು. ಐ-ಸೆಲ್ ಕಾಯಿಲೆ ಎಂಬ ಅಪರೂಪದ ತೊಂದರೆ ಇರುವ ಮಕ್ಕಳ ಚರ್ಮದ ಕೋಶಗಳಲ್ಲಿ ಲೈಸೋಸೋಮಿನ ಒಂದಲ್ಲ, ಹಲವು ಕಿಣ್ವಗಳು ಒಟ್ಟಿಗೇ ಕಡಿಮೆ. ಅದೇ ಕಿಣ್ವಗಳು ಕೋಶ ಬೆಳೆಸಿದ ದ್ರವದಲ್ಲಿ ಧಾರಾಳ. ಆರೋಗ್ಯವಂತರ ಕೋಶ ಹೊರಬಿಟ್ಟ ಕಿಣ್ವವನ್ನು ಬೇರೆ ಕೋಶಗಳು ಒಳಗೆಳೆದುಕೊಳ್ಳುತ್ತಿದ್ದವು, ಈ ಮಕ್ಕಳ ಕೋಶದಿಂದ ಬಂದದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ. ಹಾಗಾದರೆ ಕಿಣ್ವದ ಮೇಲೆ ಇರಬೇಕಾದ ಒಂದು ಗುರುತು ಇವಕ್ಕೆ ಇಲ್ಲ ಎಂದು ಅವರು ಊಹಿಸಿದರು. ಆ ಗುರುತು ಮ್ಯಾನೋಸ್-6-ಫಾಸ್ಫೇಟ್ ಎಂದು 1977ರ ಹೊತ್ತಿಗೆ ಗೊತ್ತಾಯಿತು. ಗುರುತು ಹಚ್ಚುವ ಕಿಣ್ವವೇ ಈ ಮಕ್ಕಳಲ್ಲಿ ಇಲ್ಲವೆಂಬುದು 1980ರ ದಶಕದ ಆರಂಭದಲ್ಲಿ ಖಚಿತವಾಯಿತು. ಗುರುತಿನ ವಿಷಯದಲ್ಲಿ ನಮ್ಮದೂ ಯೀಸ್ಟಿನದೂ ಬೇರೆ ಪದ್ಧತಿ: ಅಲ್ಲಿ ಅಮೈನೋ ಆಮ್ಲಗಳ ಸಾಲು, ಇಲ್ಲಿ ಸಕ್ಕರೆಗೆ ಅಂಟಿದ ಫಾಸ್ಫೇಟ್. ಆದರೆ ಗುರುತು ಓದಿದ ಮೇಲೆ ಸರಕನ್ನು ಸಾಗಿಸುವ, ಗ್ರಾಹಿಯನ್ನು ಮರಳಿಸುವ, ಪೊರೆಗಳನ್ನು ಬೆಸೆಯುವ ಯಂತ್ರಗಳನ್ನು ಹೆಸರು ಹಿಡಿದು ಒಂದೊಂದಾಗಿ ತೋರಿಸಿದ್ದು ಯೀಸ್ಟ್.

ಶಿರಸಿಯ ಅಡಿಕೆ ಯಾರ್ಡಿನಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಲ್ಲದಕ್ಕೂ ಚೀಟಿ ಬೇಕು. ಚೀಟಿ ಹಚ್ಚುವವನೇ ಬಾರದ ದಿನ ಅಡಿಕೆ ಕಡಿಮೆಯಾಗುವುದಿಲ್ಲ, ಯಾರ ಲೆಕ್ಕಕ್ಕೂ ಸೇರುವುದಿಲ್ಲ ಅಷ್ಟೇ. ಐ-ಸೆಲ್ ಕಾಯಿಲೆಯೂ ಅಂಥದ್ದೇ.

ಈಗ ಪರೀಕ್ಷೆಯ ಮಾತು. ಮಗುವಿನ ಮುಖಚಹರೆ ಒರಟಾಗಿದೆ, ಕೀಲುಗಳು ಬಿಗಿದಿವೆ, ಬೆಳವಣಿಗೆ ನಿಧಾನ. ನೋಡಿದವರಿಗೆ ಮ್ಯೂಕೋಪಾಲಿಸ್ಯಾಕರಿಡೋಸಿಸ್ ಅಂದರೆ ಎಂಪಿಎಸ್ ಗುಂಪಿನ ಹರ್ಲರ್ ಕಾಯಿಲೆಯ ಸಂಶಯ ಬರುವುದು ಸಹಜ, ಎರಡೂ ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತವೆ. ಹರ್ಲರ್ ಆದರೆ ಒಂದು ನಿರ್ದಿಷ್ಟ ಕಿಣ್ವ ಬಿಳಿ ರಕ್ತಕಣಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುತ್ತದೆ. ಐ-ಸೆಲ್‌ನಲ್ಲಿ ಬಿಳಿ ರಕ್ತಕಣಗಳಲ್ಲಿ ಹಲವು ಕಿಣ್ವಗಳು ಸರಿಯಾಗಿಯೇ ಕಾಣಬಹುದು. ರಕ್ತದ ಪ್ಲಾಸ್ಮಾದಲ್ಲಿ, ಅಂದರೆ ಕಣಗಳನ್ನು ತೆಗೆದ ದ್ರವದಲ್ಲಿ, ನೋಡಿದರೆ ಮಾತ್ರ ಅವು ಸಾಮಾನ್ಯ ಮಟ್ಟದ 5ರಿಂದ 20 ಪಟ್ಟು ಏರಿರುತ್ತವೆ. ಹರ್ಲರ್ ಕಿಣ್ವವೊಂದನ್ನೇ ಕೇಳಿ, ಕಡಿಮೆ ಇಲ್ಲ ಎಂದು ಬಂದ ವರದಿ ನೋಡಿ ಸಮಾಧಾನಪಟ್ಟರೆ ಅಲ್ಲಿಗೆ ದಾರಿ ತಪ್ಪಿತು. ಸುಕ್ರೋಸ್ ಪ್ಲೇಟಿನ ಪ್ರಯೋಗ ಮಾಡಿದ್ದೂ ಇದನ್ನೇ: ಒಳಗೆ ಎಷ್ಟಿದೆ ಎಂದು ಕೇಳದೆ ಹೊರಗೆ ಎಷ್ಟು ಸೋರಿದೆ ಎಂದು ಕೇಳಿತು.

ಐ-ಸೆಲ್ ಮಕ್ಕಳಲ್ಲಿ ಗೋಶೆ ಎಂಬ ಇನ್ನೊಂದು ಲೈಸೋಸೋಮ್ ಕಾಯಿಲೆಗೆ ಸಂಬಂಧಿಸಿದ ಗ್ಲುಕೋಸೆರೆಬ್ರೋಸಿಡೇಸ್ ಕಿಣ್ವ ಮಾತ್ರ ಬಹುಮಟ್ಟಿಗೆ ಸರಿಯಾದ ಜಾಗದಲ್ಲೇ ಇರುತ್ತದೆ. ಕಾರಣ 2007ರಲ್ಲಿ ಸಿಕ್ಕಿತು. ಅದಕ್ಕೆ ಮ್ಯಾನೋಸ್-6-ಫಾಸ್ಫೇಟ್ ಬೇಡ, ಲಿಂಪ್-2 ಎಂಬ ಬೇರೆ ಪ್ರೋಟೀನಿನ ಕೈಹಿಡಿದು ಲೈಸೋಸೋಮಿಗೆ ಹೋಗುತ್ತದೆ. ಯೀಸ್ಟಿನ ಆಲ್ಕಲೈನ್ ಫಾಸ್ಫಟೇಸ್ ಬೇರೆ ದಾರಿ ಹಿಡಿದಂತೆಯೇ. ಯಾವ ಕಿಣ್ವ ಎಲ್ಲಿ ಎಷ್ಟಿದೆ ಎಂಬ ಪಟ್ಟಿಯನ್ನು ಇಷ್ಟು ತಿಳಿದು ಓದಿದರೆ ತೊಂದರೆ ಯಾವ ಕವಲಿನಲ್ಲಿದೆ ಎಂಬುದು ಅರ್ಧ ಗೊತ್ತಾಗಿಬಿಡುತ್ತದೆ. ಉಳಿದರ್ಧ ವಂಶವಾಹಿ ಪರೀಕ್ಷೆಗೆ. ಇವು ಹೆಚ್ಚಿನವು ತಂದೆ ತಾಯಿ ಇಬ್ಬರೂ ವಾಹಕರಾಗಿದ್ದಾಗ ಬರುವ ಕಾಯಿಲೆಗಳು, ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಸಾಧ್ಯತೆ. ಸಂಬಂಧದೊಳಗೆ ಹೆಣ್ಣು ಗಂಡು ತಂದುಕೊಳ್ಳುವ ಮನೆಗಳಲ್ಲಿ ಈ ಲೆಕ್ಕವನ್ನು ಎರಡನೆಯ ಮಗುವಿನ ಮೊದಲೇ ತಿಳಿಸಬೇಕು. ತಿಳಿಸಲು ಮೊದಲನೆಯ ಮಗುವಿನ ಕಾಯಿಲೆಯ ಹೆಸರು ಸರಿಯಾಗಿ ಗೊತ್ತಿರಬೇಕು.

ಹಣದ ಜಗ್ಗಾಟ ಶುರುವಾಗುವುದು ಇಲ್ಲಿಂದ. ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿತು. ಕಾಯಿಲೆಗಳನ್ನು ಮೂರು ಗುಂಪು ಮಾಡಿತು: ಅಸ್ಥಿಮಜ್ಜೆ ಕಸಿಯಂಥ ಒಂದೇ ಬಾರಿಯ ಚಿಕಿತ್ಸೆ ಇರುವವು, ದೀರ್ಘಕಾಲ ಆದರೆ ಕಡಿಮೆ ಖರ್ಚಿನವು, ಜೀವನಪೂರ್ತಿ ದುಬಾರಿ ಮದ್ದು ಬೇಕಾದವು. ಗೋಶೆ, ಪಾಂಪೆ, ಫ್ಯಾಬ್ರಿ ಮುಂತಾದ ಲೈಸೋಸೋಮಿನ ಕಾಯಿಲೆಗಳು ಇರುವುದು ಮೂರನೆಯದರಲ್ಲಿ. 2022ರಲ್ಲಿ ನೆರವಿನ ಮಿತಿಯನ್ನು ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಗೆ ಏರಿಸಿದರು. ನೆರವು ಸಿಗುವುದು ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ, ಕರ್ನಾಟಕಕ್ಕೆ ಅದು ಬೆಂಗಳೂರು. ಮಿತಿ ಮುಗಿದ ಮೇಲೆ ಏನು ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿತು. 2024ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ಈ ಮಿತಿ ಸಡಿಲವಾಗಿರಬೇಕು, ಪ್ರತ್ಯೇಕ ನಿಧಿ ಬೇಕು ಎಂದಿತು. ವ್ಯಾಜ್ಯ ಅಲ್ಲಿಗೆ ನಿಲ್ಲಲಿಲ್ಲ.

50 ಲಕ್ಷ ದೊಡ್ಡ ಮೊತ್ತ ಅನಿಸುತ್ತದೆ. ಪಾಂಪೆ ಕಾಯಿಲೆಯ ಮದ್ದಿನ ಪ್ರಮಾಣ ನೋಡಿ: ಕಿಲೋ ತೂಕಕ್ಕೆ 20 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ, ಬದುಕಿರುವಷ್ಟು ಕಾಲ. ಒಂದು ಬಾಟಲಿಯಲ್ಲಿ 50 ಮಿಲಿಗ್ರಾಂ. 10 ಕಿಲೋ ಮಗುವಿಗೆ ಪ್ರತಿ ಸಲ ನಾಲ್ಕು ಬಾಟಲಿ, ಅದೇ ಮಗು 30 ಕಿಲೋ ಆದಾಗ ಹನ್ನೆರಡು. ಮದ್ದು ಫಲಿಸಿ ಮಗು ಬೆಳೆದಷ್ಟೂ ನೆರವು ಬೇಗ ಕರಗುತ್ತದೆ. ತೂಕಕ್ಕೆ ತಕ್ಕಂತೆ ಏರದ ಮಿತಿ ಎಂದರೆ ಅದರ ಲೆಕ್ಕವೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಆ ಬಾಟಲಿಯೊಳಗೆ ಇರುವುದಾದರೂ ಏನು? ಹೊರಗೆ ತಯಾರಿಸಿದ ಕಿಣ್ವ, ಜೊತೆಗೆ ಅದರ ಮೇಲಿನ ಗುರುತು. ರಕ್ತಕ್ಕೆ ಸೇರಿದ ಕಿಣ್ವವನ್ನು ಸ್ನಾಯುಕೋಶದ ಮೇಲ್ಮೈಯ ಗ್ರಾಹಿ ಮ್ಯಾನೋಸ್-6-ಫಾಸ್ಫೇಟ್ ನೋಡಿ ಹಿಡಿಯಬೇಕು. 2006ರಲ್ಲಿ ಬಂದ ಪಾಂಪೆಯ ಮೊದಲ ಮದ್ದಿನಲ್ಲಿ ಈ ಗುರುತು ಕಡಿಮೆ ಇತ್ತು, ಕೊಟ್ಟದ್ದರಲ್ಲಿ ಬಹುಪಾಲು ಬೇಕಾದ ಕಡೆ ಸೇರುತ್ತಿರಲಿಲ್ಲ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹೊಸ ಮದ್ದಿನಲ್ಲೂ ಮೂಲತಃ ಅದೇ ಕಿಣ್ವ. ಗುರುತು ಮಾತ್ರ ಸುಮಾರು 15 ಪಟ್ಟು ಹೆಚ್ಚು. ಗೋಶೆಯ ಮದ್ದು 1991ರಲ್ಲೇ ಬಂದಿತ್ತು. ಅಲ್ಲಿ ಕಿಣ್ವದ ಮೇಲಿನ ಸಕ್ಕರೆ ಸರಪಳಿಯನ್ನು ಕತ್ತರಿಸಿ ಮ್ಯಾನೋಸ್ ಹೊರಗೆ ಕಾಣುವಂತೆ ಮಾಡಿದ್ದರು, ಏಕೆಂದರೆ ಅದು ಸೇರಬೇಕಾದ, ಕಸ ನುಂಗಿ ತೆಗೆಯುವ ಮ್ಯಾಕ್ರೋಫೇಜ್ ಕೋಶಗಳು ಹಿಡಿಯುವುದು ಮ್ಯಾನೋಸನ್ನು. ಮಿದುಳಿಗೆ ಇವು ಯಾವುವೂ ದಾಟುವುದಿಲ್ಲ. ಎಂಪಿಎಸ್ ಗುಂಪಿನ ಹಂಟರ್ ಕಾಯಿಲೆಗೆ 2021ರಲ್ಲಿ ಜಪಾನ್ ಒಪ್ಪಿದ ಮದ್ದು, ಕಬ್ಬಿಣವನ್ನು ಮಿದುಳಿಗೆ ದಾಟಿಸುವ ಟ್ರಾನ್ಸ್‌ಫೆರಿನ್ ಗ್ರಾಹಿಗೆ ಅಂಟಿಕೊಂಡು ಆ ಗಡಿ ದಾಟುವಂತೆ ಕಟ್ಟಿದ್ದು.

ಅಂದರೆ ಈ ಮದ್ದುಗಳ ಜಾಣ್ಮೆಯಲ್ಲಿ ಕಿಣ್ವಕ್ಕೆ ಎಷ್ಟು ಪಾಲೋ ತಲುಪಿಸುವಿಕೆಗೂ ಅಷ್ಟೇ ಪಾಲು. ಕಡಿಮೆ ದರದಲ್ಲಿ ನಮ್ಮಲ್ಲೇ ತಯಾರಿಸಬೇಕು ಎನ್ನುವವರು ಕಿಣ್ವದ ಬಗ್ಗೆ ಮಾತನಾಡುತ್ತಾರೆ, ಗುರುತಿನ ಬಗ್ಗೆ ಮಾತಿಲ್ಲ. ಕಿಣ್ವ ಶುದ್ಧವಾಗಿದ್ದು ಗುರುತು ಕಡಿಮೆಯಿದ್ದರೆ ಬಾಟಲಿ ಅಗ್ಗ, ಪರಿಣಾಮ ಇನ್ನೂ ಅಗ್ಗ. ಅದಕ್ಕೆ ಬೇಕಾದ ತಿಳಿವಳಿಕೆ ಹುಟ್ಟುವುದು ಪೊರೆ, ಗ್ರಾಹಿ, ಎಂಡೋಸೋಮ್ ಎಂದು ಕೂತ ಪ್ರಯೋಗಾಲಯಗಳಲ್ಲಿ. ಯೀಸ್ಟ್ ಸಾಕುವ ಆ ಪ್ರಯೋಗಾಲಯಕ್ಕೆ ಅನುದಾನ ಕೇಳಿದಾಗ 'ಇದರಿಂದ ರೋಗಿಗೇನು ಉಪಯೋಗ' ಎಂದು ಕೇಳುವುದೂ ನಮ್ಮಲ್ಲೇ.

ಉತ್ತರ ಕನ್ನಡಕ್ಕೆ ತಲುಪಿಸುವ ಸಮಸ್ಯೆ ಇನ್ನೊಂದು ಅರ್ಥದಲ್ಲೂ ಇದೆ. ದೊಡ್ಡ ಕಾಯಿಲೆ ಎಂದರೆ ಕಾರವಾರದವರು ಗೋವಾಕ್ಕೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಶಿರಸಿಯವರು ಹುಬ್ಬಳ್ಳಿಗೆ ಓಡುವುದು ರೂಢಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆ ಚುನಾವಣೆಗೊಮ್ಮೆ ಎದ್ದು ಮಲಗುತ್ತದೆ. ಎರಡು ವಾರಕ್ಕೊಮ್ಮೆ ಮಗುವನ್ನು ಕಟ್ಟಿಕೊಂಡು ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತುವ ಮನೆಯಲ್ಲಿ ದುಡಿಯುವ ಒಬ್ಬರ ಸಂಬಳ ನಿಂತಂತೆಯೇ, ಅದು 50 ಲಕ್ಷದ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ರೋಗ ಪತ್ತೆ, ಮೊದಲ ಕೆಲವು ಡೋಸ್ ಬೆಂಗಳೂರಿನಲ್ಲಿ ಆಗಲಿ, ಅಲರ್ಜಿಯ ಅಪಾಯ ಇರುವುದರಿಂದ ಹಾಗೆ ಆಗುವುದೇ ಸರಿ. ಆಮೇಲಿನದಕ್ಕೆ ಬೇಕಾದದ್ದು 2ರಿಂದ 8 ಡಿಗ್ರಿ ಕಾಯ್ದುಕೊಳ್ಳುವ ಫ್ರಿಜ್, ಕೆಲವು ಗಂಟೆ ಹಾಸಿಗೆ, ತರಬೇತಾದ ನರ್ಸ್, ಅಲರ್ಜಿ ಆದರೆ ಸಂಭಾಳಿಸುವ ವೈದ್ಯರು. ವೈದ್ಯಕೀಯ ಕಾಲೇಜಿರುವ ಕಾರವಾರದಲ್ಲಿ ಇಷ್ಟನ್ನು ಹೊಂದಿಸುವುದು ಹೊಸ ಆಸ್ಪತ್ರೆ ಕಟ್ಟುವಷ್ಟು ಕಷ್ಟವಲ್ಲ. ಲಸಿಕೆಗೆಂದು ಇದೇ ತಾಪಮಾನದ ಸರಪಳಿ ಜಿಲ್ಲೆಯ ಹಳ್ಳಿಗಳವರೆಗೂ ಆಗಲೇ ಇದೆ.

ಐ-ಸೆಲ್ ಮಕ್ಕಳಿಗೆ ಸದ್ಯ ಕೊಡಲು ಇಂಥ ಬಾಟಲಿಯೂ ಇಲ್ಲ. ಹತ್ತಾರು ಕಿಣ್ವ ಒಟ್ಟಿಗೆ ದಾರಿ ತಪ್ಪಿರುವಾಗ ಯಾವುದೆಂದು ತುಂಬುವುದು? ಆ ಕೋಶಗಳ ಮೇಲ್ಮೈಯಲ್ಲಿ ಮ್ಯಾನೋಸ್-6-ಫಾಸ್ಫೇಟಿನ ಗ್ರಾಹಿ ಸರಿಯಾಗಿಯೇ ಇರುತ್ತದೆ, ಗುರುತಿರುವ ಕಿಣ್ವ ಹೊರಗಿನಿಂದ ಬಂದರೆ ಹಿಡಿದುಕೊಳ್ಳುತ್ತದೆ. ಕೆಟ್ಟಿರುವುದು ಗುರುತು ಹಚ್ಚುವ ವಂಶವಾಹಿ ಒಂದೇ. ಹಾಗಾಗಿ ಆ ಒಂದನ್ನೇ ಸರಿಪಡಿಸಿದರೆ ಎಲ್ಲ ಕಿಣ್ವಗಳೂ ತಾವಾಗಿ ಮನೆ ಸೇರಬೇಕು, ವಂಶವಾಹಿ ಚಿಕಿತ್ಸೆಯ ಮೇಲೆ ಕಣ್ಣಿಟ್ಟಿರುವವರ ತರ್ಕ ಇದು. ಅಲ್ಲಿಯವರೆಗೆ ಇಂಥ ಮಗುವನ್ನು ಹರ್ಲರ್ ಎಂದು ತಪ್ಪಾಗಿ ಬರೆದುಕೊಂಡು ಹರ್ಲರ್ ಕಿಣ್ವಕ್ಕೆ ಹಣ ಹೊಂದಿಸಲು ಮನೆಯವರು ಓಡಾಡುವಂತೆ ಆಗಬಾರದು. ಅದಕ್ಕೆ ಬೇಕಿರುವುದು ಅದೇ ರಕ್ತದ ಮಾದರಿಯಲ್ಲಿ ಪ್ಲಾಸ್ಮಾವನ್ನೂ ಬೇರೆ ಮಾಡಿ ಎರಡು ಮೂರು ಕಿಣ್ವ ನೋಡಿ ಎಂದು ಚೀಟಿಯಲ್ಲಿ ಬರೆಯುವ ಒಂದು ಸಾಲು.